ಅವರು ತಾರದೆ ಬಿಟ್ಟ ಪುಸ್ತಕ

ಗಂಡ ತೀರಿಕೊಂಡು ಒಂದು ಮಳೆಗಾಲ ಕಳೆದ ಮೇಲೆ ರಮಾಮಣಿ ಮೊದಲ ಬಾರಿಗೆ ಲೈಬ್ರರಿಯ ಮೆಟ್ಟಿಲು ಹತ್ತಿದರು. ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಆ ಹಳೆಯ ಕಟ್ಟಡವನ್ನು ಅವರು ತರಕಾರಿಗೆ ಹೋಗುವಾಗಲೆಲ್ಲ ನೋಡಿದ್ದರು. ಕೆಳಗೆ ಮಿಠಾಯಿ ಅಂಗಡಿ, ಮೇಲೆ ಕೋಚಿಂಗ್ ಕ್ಲಾಸು, ಅದರ ಪಕ್ಕದ ಕೋಣೆಯಲ್ಲಿ ಕನ್ನಡ ಸಂಘದ ಪುಸ್ತಕಗಳು. ಒಳಗೆ ಕಾಲಿಡುವ ಪ್ರಸಂಗ ಮಾತ್ರ ಬಂದಿರಲಿಲ್ಲ. ಪುಸ್ತಕ ತರುವುದು ಗಂಡ ಮಧ್ವರಾಜರ ಕೆಲಸವಾಗಿತ್ತು.

ಫೋರ್ಟಿನ ಕಚೇರಿಯಲ್ಲಿ ನೌಕರಿ ಇದ್ದಾಗಲೂ, ನಿವೃತ್ತರಾದ ಮೇಲೂ, ಭಾನುವಾರ ಬೆಳಗ್ಗೆ ಅವರು ಚೀಲ ಹಿಡಿದು ಹೊರಟರೆ ಬರುವಾಗ ಅದರಲ್ಲಿ ತೊಂಡೆಕಾಯಿ, ಬಸಳೆಯ ಜೊತೆಗೆ ಹೆಂಡತಿಗೆಂದು ಎರಡು ಕಾದಂಬರಿ ಇರುತ್ತಿದ್ದವು. ತಾವು ಪೇಪರ್ ಬಿಟ್ಟು ಬೇರೇನೂ ಓದುತ್ತಿರಲಿಲ್ಲ. ರಮಾಮಣಿ ಓದಿ ಟೀಪಾಯಿಯ ಮೇಲೆ ಇಟ್ಟರೆ ಪುಸ್ತಕ ವಾಪಸು ಹೋಗುತ್ತಿತ್ತು. ಹೇಗಿತ್ತು ಎಂದು ಅವರು ಕೇಳಲಿಲ್ಲ, ಇವರು ಹೇಳಲೂ ಇಲ್ಲ. ಮನೆಯಲ್ಲಿ ತುಳುವಿನಲ್ಲಿ ನಡೆಯುತ್ತಿದ್ದ ಮಾತೆಲ್ಲ ಊಟ, ಔಷಧ, ನೀರು ಬರುವ ಹೊತ್ತು, ಇಷ್ಟರಲ್ಲೇ ಮುಗಿಯುತ್ತಿತ್ತು. ಈಗ ಅಷ್ಟೂ ಇರಲಿಲ್ಲ. ಮಗಳು ಸುಮೇಧಾ ಮದುವೆಯಾಗಿ ಐರೋಲಿಯಲ್ಲಿದ್ದಳು. ಫೋನಿನಲ್ಲಿ ಅವಳದು ಅರ್ಧ ಹಿಂದಿ.

ಲೈಬ್ರರಿಯಲ್ಲಿ ಒಬ್ಬರೇ ಕೂತಿದ್ದರು. ಕಾರ್ಕಳದ ಕಡೆಯ ಧರ್ಮಪಾಲರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಈ ಕೋಣೆಯ ಬೀಗದ ಕೈ ಅವರ ಬಳಿಯೇ ಇತ್ತು. ರಮಾಮಣಿ ತಮ್ಮ ಹೆಸರು ಹೇಳಿ, ಮನೆಯಲ್ಲಿ ಉಳಿದಿದ್ದ ಎರಡು ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. ಧರ್ಮಪಾಲರು ಎದ್ದು ನಿಂತು ಕೈ ಮುಗಿದರು.

"ಮಧ್ವರಾಜರು ಹೋದದ್ದು ನನಗೆ ತಡವಾಗಿ ಗೊತ್ತಾಯ್ತಮ್ಮ. ಕೂತ್ಕೊಳ್ಳಿ. ನಿಮಗೆ ಎಂಥ ಪುಸ್ತಕ ಬೇಕು?"

ರಮಾಮಣಿ ಇಷ್ಟು ವರ್ಷ ಓದಿದ್ದಾರೆ, ತಮಗೆ ಎಂಥದು ಇಷ್ಟವೆಂದೇ ಗೊತ್ತಿಲ್ಲ. ಕಪಾಟುಗಳ ಮುಂದೆ ನಿಂತು, ಬೆನ್ನಿನ ಮೇಲಿನ ಹೆಸರುಗಳನ್ನು ಓದಿ, ಕೈಗೆ ಬಂದುದನ್ನು ತೆಗೆದು, ಮತ್ತೆ ಅಲ್ಲೇ ಇಟ್ಟರು.

"ಇವರು ಹೇಗೆ ಆರಿಸ್ತಿದ್ರು?" ಎಂದು ಕೇಳಿದರು.

ಧರ್ಮಪಾಲರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. "ಆರಿಸುವುದು ಅಂತ ಅಲ್ಲ. ನಾನು ಒಂದು ಪುಸ್ತಕ ಚಂದ ಉಂಟು ಅಂದ್ರೆ ಅವರದ್ದು ಒಂದೇ ಪ್ರಶ್ನೆ. ಇದರಲ್ಲಿ ಮಗು ಸಾಯ್ತದಾ ಅಂತ. ಸಾಯ್ತದೆ ಅಂದ್ರೆ ಬೇಡ, ಬೇರೆ ಕೊಡಿ ಅಂತಿದ್ರು. ನಾನು ಓದದ ಪುಸ್ತಕ ಆದ್ರೆ ಇಲ್ಲೇ ಕೂತು, ಮೊದಲಿಂದ ಕೊನೆಯವರೆಗೆ ಪುಟ ಮಗುಚಿ ನೋಡಿ ತಗೊಂಡು ಹೋಗ್ತಿದ್ರು. ಕಾರಣ ನಾನು ಕೇಳ್ಲಿಲ್ಲ. ಅವರೂ ಹೇಳ್ಲಿಲ್ಲ."

ರಮಾಮಣಿ ಬೆಂಚಿನ ಮೇಲೆ ಕೂತುಬಿಟ್ಟರು.

ಸುಮೇಧಾಳಿಗಿಂತ ಮೊದಲು ಅವರಿಗೆ ಒಬ್ಬ ಮಗನಿದ್ದ, ವಾದಿರಾಜ. ಆಗ ವರ್ತಕ ನಗರದಲ್ಲಿ ಒಂದು ಬಾಡಿಗೆ ಕೋಣೆ. ಕೂರಲು ಕಲಿತಿದ್ದ, ನಿಲ್ಲಲು ಕಲಿತಿರಲಿಲ್ಲ. ಜ್ವರ ಬಂತು, ಹೋದ. ಅದಾದ ಕೆಲವೇ ದಿನಕ್ಕೆ ಮಧ್ವರಾಜರು ಎಂದಿನಂತೆ ಡಬ್ಬಿ ಹಿಡಿದು ಲೋಕಲ್ ಹತ್ತಿದರು. ಮತ್ತೆಂದೂ ಆ ಹೆಸರನ್ನು ಬಾಯಿಗೆ ತರಲಿಲ್ಲ. ಇವರಿಗೆ ಕಲ್ಲಿನ ಎದೆ ಎಂದು ರಮಾಮಣಿ ಅಂದೇ ತೀರ್ಮಾನಿಸಿದ್ದರು. ಆ ತೀರ್ಮಾನದ ಜೊತೆಗೇ ಸಂಸಾರ ಮಾಡಿದ್ದರು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಗಂಜಿ ಕುಡಿಸುವಾಗಲೂ ಅದು ಮನಸ್ಸಿನಿಂದ ಹೋಗಿರಲಿಲ್ಲ.

ಮೊದಲು ಅವರಿಗೆ ಬಂದದ್ದು ಸಿಟ್ಟು. ಒಂದು ಮಾತು ನನ್ನ ಹತ್ತಿರ ಆಡಲಿಲ್ಲ, ಈ ಪರಸ್ಥಳದ ಮನುಷ್ಯನ ಹತ್ತಿರ ವಾರ ವಾರ ಕೇಳಿದರಲ್ಲ!

"ಅವರು ಬೇಡ ಅಂದ ಪುಸ್ತಕದಲ್ಲಿ ಒಂದು ಕೊಡಿ," ಎಂದರು.

"ಅಮ್ಮ, ಅದು ಈಗ ಯಾಕೆ? ಬೇರೆ ಒಳ್ಳೆಯದು ಬೇಕಾದಷ್ಟು ಉಂಟು."

"ಕೊಡಿ."

ಧರ್ಮಪಾಲರು ಸ್ವಲ್ಪ ಹೊತ್ತು ಹುಡುಕಿ, ರಟ್ಟಿನ ಮೂಲೆ ಹರಿದ ಒಂದು ಕಾದಂಬರಿ ತಂದು ಕೊಟ್ಟರು. "ನಿಧಾನಕ್ಕೆ ಓದಿ. ವಾಪಸು ಕೊಡ್ಲಿಕ್ಕೆ ಅವಸರ ಇಲ್ಲ. ಕೊಡ್ಲಿಕ್ಕೆ ಜಾಗವೂ ಇರುವುದಿಲ್ಲ, ನಿಜ ಹೇಳಬೇಕಂದ್ರೆ. ಬಿಲ್ಡಿಂಗು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗ್ತಾ ಉಂಟು. ಕಮಿಟಿಯವರು ಬೇರೆ ಕೋಣೆ ನೋಡ್ತೇವೆ ಅಂತಾರೆ. ಓದುವವರು ಎಷ್ಟು ಜನ ಅಂತಲೂ ಅವರೇ ಕೇಳ್ತಾರೆ. ನಾನು ಏನು ಹೇಳಲಿ?"

ಪುಸ್ತಕ ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ಒಬ್ಬ ಹೆಂಗಸಿನ ಕತೆ. ರಮಾಮಣಿ ನಡುಮನೆಯಲ್ಲಿ ಕೂತು ಓದಿದರು. ಮಗುವಿಗೆ ಜ್ವರ ಬಂದ ಪುಟ ಬಂದಾಗ ಎದ್ದು ಹೋಗಿ ಅನ್ನಕ್ಕಿಟ್ಟರು. ಅನ್ನ ಆಯಿತು, ಉಣ್ಣಲಿಲ್ಲ, ಬಂದು ಓದಿದರು. ಮಗು ಸತ್ತ ಮೇಲೂ ಆ ಹೆಂಗಸು ಅದರ ಬಟ್ಟೆಯನ್ನು ದಿನಾ ಒಗೆದು ಒಣಗಿಸುತ್ತಾಳೆ. ರಮಾಮಣಿ ಬಿಕ್ಕಿ ಬಿಕ್ಕಿ ಅತ್ತರು. ವಾದಿರಾಜ ಹೋದಾಗ ಅವರನ್ನು ಅಳಲು ಬಿಟ್ಟಿರಲಿಲ್ಲ. ಕೋಣೆಯ ಗೋಡೆ ತೆಳು, ಆಚೆಯವರಿಗೆ ಕೇಳುತ್ತದೆ ಎಂದು ಜೊತೆಗಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿದ್ದರು. ಈಗ ಕೇಳಲು ಯಾರೂ ಇರಲಿಲ್ಲ. ಅತ್ತು ಮುಗಿದ ಮೇಲೆ ಯಾರಿಗಾದರೂ ಹೇಳಬೇಕೆನಿಸಿತು, ಇಂಥದೊಂದು ಓದಿದೆ ಎಂದು. ಎದುರಿನ ಮನೆಯ ಮರಾಠಿ ಹೆಂಗಸಿಗೆ ಹೇಳಿದರೆ ಏನು ತಿಳಿದೀತು? ಪುಸ್ತಕವನ್ನು ಅರ್ಧಕ್ಕೇ ಮಗುಚಿ ಇಟ್ಟರು.

ಆ ವಾರ ಸುಮೇಧಾ ಬಂದಳು. ತಾಯಿಯ ಮುಖ ನೋಡಿ ಬ್ಯಾಗನ್ನೂ ಇಳಿಸದೆ ಕೇಳಿದಳು, "ಅಮ್ಮಾ, ರೋ ರಹೀ ಥೀ ಕ್ಯಾ? ಅತ್ತಿದ್ದೀಯಾ?"

ರಮಾಮಣಿ ಎಲ್ಲ ಹೇಳಿದರು. ಅಪ್ಪ ಲೈಬ್ರರಿಯಲ್ಲಿ ಕೇಳುತ್ತಿದ್ದ ಪ್ರಶ್ನೆ, ವರ್ತಕ ನಗರದ ಕೋಣೆ, ವಾದಿರಾಜನ ಜ್ವರ. ತನಗೊಬ್ಬ ಅಣ್ಣನಿದ್ದ ಎಂಬುದಷ್ಟೇ ಸುಮೇಧಾಳಿಗೆ ಗೊತ್ತಿತ್ತು. ಹೆಸರನ್ನು ಅವಳು ಕೇಳಿದ್ದು ಅವತ್ತೇ. ಬ್ಯಾಗನ್ನು ಕೆಳಗಿಟ್ಟು ಅಂದಳು, "ವೋ ಬುಕ್ ಪಢ್‌ಕೆ ಸುನಾ ನಾ."

ರಮಾಮಣಿ ಗಟ್ಟಿಯಾಗಿ ಓದತೊಡಗಿದರು. ಆ ಮನೆಯಲ್ಲಿ ಯಾರೂ ಯಾರಿಗೂ ಪುಸ್ತಕ ಓದಿ ಹೇಳಿದ್ದಿಲ್ಲ. ಸುಮೇಧಾ ನಡುವೆ ಒಂದೆರಡು ಶಬ್ದಕ್ಕೆ ಅರ್ಥ ಕೇಳಿದಳು. ಬಟ್ಟೆ ಒಗೆಯುವ ಪುಟಕ್ಕೆ ಬಂದಾಗ ರಮಾಮಣಿ ಓದು ನಿಲ್ಲಿಸಿದರು. ಪುಸ್ತಕವನ್ನು ಮಗಳ ಕೈಗೆ ಕೊಟ್ಟರು.

"ನೀನು ಓದು, ನನ್ನಿಂದ ಆಗುವುದಿಲ್ಲ."

ಸುಮೇಧಾ ಪುಟವನ್ನೇ ನೋಡಿದಳು. ಬೆರಳಿಟ್ಟು ಒಂದು ಅಕ್ಷರ, ಇನ್ನೊಂದು ಅಕ್ಷರ ಹುಡುಕಿದಳು. ಇಂಗ್ಲಿಷ್ ಶಾಲೆಗೆ ಹೋದವಳು. ರಜೆಯಲ್ಲಿ ಕಲಿಸೋಣ ಎಂದುಕೊಂಡ ರಜೆಗಳೆಲ್ಲ ಹಾಗೇ ಹೋಗಿದ್ದವು.

"ಮುಝೆ ನಹೀ ಆತಾ, ಅಮ್ಮಾ," ಎಂದಳು. ಅವಳ ಕಣ್ಣು ತುಂಬಿತ್ತು. "ತೂ ಹೀ ಪಢ್. ರುಕ್ ರುಕ್ ಕೇ ಪಢ್."

ರಮಾಮಣಿ ನೀರು ಕುಡಿದು ಬಂದು, ನಿಲ್ಲಿಸಿ ನಿಲ್ಲಿಸಿ ಆ ಪುಟ ಓದಿದರು. ಕತೆಯ ಹೆಂಗಸಿನ ಗಂಡ ಊರೆಲ್ಲ ಕೇಳುವಂತೆ ಎದೆ ಬಡಿದುಕೊಂಡು ಅಳುತ್ತಾನೆ, ಮಾರನೆಯ ತಿಂಗಳು ಬೇರೆ ಹೆಂಗಸಿನ ಮನೆಗೆ ಹೋಗುತ್ತಾನೆ. ಸುಮೇಧಾ, "ಅಪ್ಪಾ ಐಸೇ ನಹೀ ಥೇ, ಹೀಗಿರಲಿಲ್ಲ," ಎಂದಳು. ರಮಾಮಣಿ ಹೌದೆಂದು ತಲೆಯಾಡಿಸಿದರು. ಮದುವೆಯಾದಂದಿನಿಂದ ಗಂಡನ ಬಗ್ಗೆ ಇಷ್ಟು ಮನಸಾರೆ ಅವರು ಹೌದೆಂದಿರಲಿಲ್ಲ.

ಸಂಜೆ ಮಗಳು ಹೊರಟಳು. ಐರೋಲಿಗೆ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಬದಲಿಸಬೇಕು, ಗರ್ದಿಗೆ ಮೊದಲು ತಲುಪಬೇಕು. ಉಳಿದ ಭಾಗವನ್ನು ವಾಯ್ಸ್ ನೋಟ್ ಮಾಡಿ ಕಳಿಸು ಎಂದು ಹೇಳಿ, ಗುಂಡಿ ಒತ್ತುವುದು ಹೇಗೆಂದು ತೋರಿಸಿ ಹೋದಳು. ರಮಾಮಣಿ ದಿನಕ್ಕೊಂದಿಷ್ಟು ಓದಿ ಕಳಿಸಿದರು. ಖಾಲಿ ಮನೆಯಲ್ಲಿ ತಮ್ಮದೇ ಧ್ವನಿ ಕೇಳಿ ಮೊದಮೊದಲು ನಾಚಿಕೆಯಾಯಿತು. ಕೆಲವು ದಿನ ಉತ್ತರವೇ ಇಲ್ಲ. ಕೆಲವು ದಿನ ಬರೀ "ಸುನಾ", ಕೇಳಿದೆ, ಎಂದು ಬರುತ್ತಿತ್ತು.

ಪುಸ್ತಕ ಮುಗಿದ ದಿನ ಅವರು ಧರ್ಮಪಾಲರಿಗೆ ಫೋನ್ ಮಾಡಿದರು.

"ಓದಿದೆ. ನಡುವಿನವರೆಗೆ ಬಹಳ ಚಂದ ಉಂಟು. ಕೊನೆ ನನಗೆ ಹಿಡಿಸಲಿಲ್ಲ. ಆ ಹೆಂಗಸು ಅಷ್ಟು ಬೇಗ ಎಲ್ಲ ಮರೆಯುವವಳಲ್ಲ."

"ನಾನೂ ಹಾಗೇ ಅಂದ್ಕೊಂಡಿದ್ದೆ ಮಾರಾಯ್ರೆ!" ಧರ್ಮಪಾಲರ ದನಿ ಒಮ್ಮೆಲೇ ಎದ್ದಿತು. "ಯಾರ ಹತ್ರ ಹೇಳುವುದು? ನಿಮಗೆ ಕೊಡಬೇಕಾದ್ದು ಇನ್ನೊಂದು ಉಂಟು. ಒಬ್ಬಳೇ ಇರುವ ಹೆಂಗಸಿನದ್ದೇ, ಆದ್ರೆ ಅಳುಮುಂಜಿ ಅಲ್ಲ." ಆಮೇಲೆ ದನಿ ತಗ್ಗಿತು. "ಮೊನ್ನೆ ಎಲ್ಲ ಗೋಣಿಯಲ್ಲಿ ತುಂಬಿಸಿ ಟೆಂಪೊದಲ್ಲಿ ಕಲ್ಯಾಣದ ಗೋಡೌನಿಗೆ ಹಾಕಿದ್ರಮ್ಮ. ಯಾವ ಗೋಣಿಯಲ್ಲಿ ಉಂಟೋ. ಕೋಣೆ ಸಿಕ್ಕಿದ ಮೇಲೆ ತೆಗೀತಾರಂತೆ."

"ಯಾವಾಗ ಸಿಗ್ತದೆ?"

"ನೋಡ್ಬೇಕು."

ರಮಾಮಣಿ ಫೋನ್ ಇಟ್ಟ ಮೇಲೆ ನೋಡಿದರೆ ಸುಮೇಧಾಳ ಮೆಸೇಜು ಬಂದಿತ್ತು. ಮುಂದಿನ ಪುಸ್ತಕ ಯಾವುದು ಎಂದು ಕೇಳಿದ್ದಳು.