ಕಚ್ಚದ ಜೋಡು

ಬಲಗಾಲಿನದು ಕರ್ ಅನ್ನುತ್ತದೆ, ಎಡಗಾಲಿನದು ಏನೂ ಅನ್ನುವುದಿಲ್ಲ, ಮತ್ತೆ ಕರ್, ಮತ್ತೆ ಮೌನ — ಅಥಣಿಯಲ್ಲಿ ಹೇಳಿ ಹೊಲಿಸಿದ ಕಾಲಿನ ಜೋಡು, ಬಾಬಾಸಾಹೇಬರು ಬಂದರೆಂದು ಏಕಸಂಬಿಗೆಲ್ಲ ಸಾರಬೇಕಾದ ಜೋಡು, ಇಷ್ಟು ಬೇಗ ಒಂದು ಮೂಕವಾಯಿತೆಂದರೆ ಈಗಿನವರ ಕೆಲಸವೇ ಅಷ್ಟು, ಚರ್ಮ ಹದ ಮಾಡಲು ಯಾರಿಗೆ ಪುರಸೊತ್ತು, ಸಂಜೆಯಾದರೆ ಎಲ್ಲರೂ ಟಿವಿ ಮುಂದೆ. ಆದರೂ ಒಂದು ಮಾತು, ಕಚ್ಚಲಿಲ್ಲ. ಹೊಸ ಜೋಡು ಎಂಥವನಿಗೂ ಕಚ್ಚುತ್ತದೆ, ಎಣ್ಣೆ ಕುಡಿಸಿದರೂ ಕಚ್ಚುತ್ತದೆ, ಆಳು ಸತ್ತೆಪ್ಪ ತಿಂಗಳುಗಟ್ಟಲೆ ಕುಂಟಿದ್ದ, ಇವರಿಗೆ ಮಾತ್ರ ಮೊದಲ ದಿನದಿಂದ ಹೂವು — ಧಣಿ ಯಾರೆಂದು ಚರ್ಮಕ್ಕೆ ಗೊತ್ತಾಗುತ್ತದೆ, ಮನುಷ್ಯರಿಗೆ ಗೊತ್ತಾಗದಿದ್ದರೂ. ನಾಯಿಗೂ ಗೊತ್ತಾಗುತ್ತದೆ. ಬರುತ್ತಿದೆಯಲ್ಲ ಆ ಕಂದು ನಾಯಿ, ಮೂಗು ನೆಲಕ್ಕಿಟ್ಟು, ಈಚೆಗೆ ದಿನವೂ ಹಿಂದಿಂದೆಯೇ, ಇಡೀ ಊರಲ್ಲಿ ರೀತಿ ರಿವಾಜು ಉಳಿದಿರುವುದು ಅದಕ್ಕೊಂದಕ್ಕೇ. ಗುಡಿಯ ಕಟ್ಟೆ ಬಂತು, ಕೂತಿವೆ ಮುದಿ ಎತ್ತುಗಳು, ಒಂದೇ ಎಲೆ ಅಡಿಕೆಯ ಚಂಚಿಯೊಳಗೆ ಎಲ್ಲರ ಕೈ, ಇವನು ಕೆಮ್ಮಿದರೆ ಅವನು ಬೆನ್ನು ತಟ್ಟುವುದು, ಅವನ ಮೂಲವ್ಯಾಧಿ ಇವನಿಗೆ ಬಾಯಿಪಾಠ, ಥೂ — ತಾವು ಸೊಸೈಟಿಯ ಚೇರ್ಮನ್ ಆಗಿದ್ದಾಗ ಇವೇ ಮೈಗಳು ಜೋಡಿನ ಸಪ್ಪಳಕ್ಕೇ ಎದ್ದು ನಿಲ್ಲುತ್ತಿದ್ದವು, ಚುನಾವಣೆ ಸೋತ ಮರುದಿನ ಹೋದರೆ ಈ ಲಗಮಣ್ಣ ಕೂತಲ್ಲೇ ತುಸು ಸರಿದ, ಬರ್ರಿ, ಕುಂದರ್ರಿ, ಜಾಗಾ ಐತಿ ಅಂದ, ಸರಿದು ಜಾಗ, ತಮಗೆ, ಅಂದಿನಿಂದ ಆ ಕಲ್ಲು ಮುಟ್ಟಿಲ್ಲ. ಇವತ್ತೂ ಅದೇ ಲಗಮಣ್ಣ, ಏನ್ರಿ ಬಾಬಾಸಾಹೇಬ್ರ, ಒಂದು ಜೋಡು ಹಾಡಾಕತ್ತೈತಿ, ಇನ್ನೊಂದು ಮುನಿಸ್ಕೊಂಡೈತೇನು, ಕಾಲು ಚಾಚಿ ಕುಂದರ್ರಿ, ನೋಡೂಣು — ನೋಡುತ್ತಾನಂತೆ. ಮಿರಜಿನ ಡಾಕ್ಟರನದೂ ಇದೇ ರಾಗ, ಕಾರ್ಖಾನೆಗೆ ಲಾರಿಗಟ್ಟಲೆ ಕಬ್ಬು ಕಳಿಸುವವರಿಗೆ ರಕ್ತದಾಗ ಸಕ್ರಿ ಐತಿ ಅಂದ ಮಹಾಶಯ, ಕಾಕಾ, ದಿನಾ ನಡೀರಿ, ನಾಕ ಮಂದ್ಯಾಗ ಕುಂದರ್ರಿ, ಪಾದ ಮರಗಟ್ಯಾವ, ಅಂಗಾಲು ನಿಮಗ ಕಾಣೂದಿಲ್ಲ, ದಿನಾ ಯಾರಿಗಾರ ತೋರಸ್ರಿ. ಯಾರ ಕಾಕಾ. ಊರು ಬಾಗಿ ಮುಟ್ಟಿದ ಪಾದ, ಅದನ್ನು ಹೊರಳಿಸಿ ಅಡಿ ತೋರಿಸಬೇಕು, ಲಗಮಣ್ಣನಿಗೆ. ನಡೆಯುವುದೇನೋ ನಡೆಯುತ್ತಿದ್ದಾರೆ, ಉಳಿದೆರಡು, ಮಂದಿಯೊಳಗೆ ಕೂರುವುದು, ಕಾಲು ತೋರಿಸುವುದು, ಔಷಧಿ ಅಂಗಡಿಯಲ್ಲಿ ಸಿಗುವಂಥದಲ್ಲ. ಕಸ್ತೂರೆವ್ವ ಕಾಲೊತ್ತುವಾಗ ಕೇಳದೆಯೇ ನೋಡುತ್ತಿದ್ದಳು, ಹೆಂಡತಿ, ಅದು ಬೇರೆ, ಅವಳು ಹೋಗಿ ಆಯಿತು, ಇರಲಿ. ನಿನ್ನೆ ಸೊಸೆ ಮಂಗಲ, ಮಾವಾರ, ಪಡಸಾಲ್ಯಾಗ ನೀವು ನಡದಲ್ಲೆಲ್ಲಾ ಕೆಂಪು ಕಲೆ ಬಿದ್ದಾವ್ರಿ, ಕಾಲು ನೋಡ್ಲೇನ್ರಿ, ಬಗ್ಗಿಯೇಬಿಟ್ಟಿದ್ದಳು, ಸೊಸೆಗೆ ಅಂಗಾಲು ತೋರಿಸುವ ಮನೆತನವೇ ಇದು, ಯಾವನೋ ಎಲೆ ಅಡಿಕೆ ಉಗುಳಿದ್ದು ತುಳಿದು ಬಂದೇನಿ, ಹೋಗವಾ ಎಂದು ಅಟ್ಟಿದರು. ಕರ್, ಮೌನ, ಕರ್, ಮನೆ. ಜಗಲಿಯ ಮೇಲೆ ಕೂತು ಜೋಡು ಬಿಟ್ಟರು, ಎಡದ್ದು ತುಸು ಅಂಟಿಕೊಂಡು ಬಂತು, ಸೆಕೆಯಲ್ಲವೇ, ಬೆವರು. ನಾಯಿ ಮೆಟ್ಟಿಲವರೆಗೂ ಬಂದು ತಲೆ ತಗ್ಗಿಸಿತು, ಭೇಷ್, ಧಣಿಯ ಪಾದರಕ್ಷೆಗೆ ತಲೆ ತಗ್ಗಿಸುವುದು ಕಲಿಯಲಿ ಆ ಕಟ್ಟೆಯವರು ಇದನ್ನು ನೋಡಿ, ಬಲದ್ದನ್ನು ಮೂಸಿ ಬಿಟ್ಟಿತು, ಎಡದ್ದನ್ನು ನೆಕ್ಕತೊಡಗಿತು. ಎಡದ್ದನ್ನೇ. ಬಲದ್ದನ್ನು ಅದರ ಮೂತಿಗೆ ತಳ್ಳಿದರು, ಇದೂ ಅದೇ ಚರ್ಮ, ಇದೂ ಅದೇ ಧಣಿ, ನೆಕ್ಕಲೇ — ನಾಯಿ ಮುಖ ತಿರುಗಿಸಿತು. ಮಂಗಲಾ ಅನ್ನಲು ಬಾಯಿ ತೆರೆಯಿತು, ಏನೆಂದು ಕರೆಯುವುದು, ಬಂದು ನೋಡು ಎಂದೇ — ನಾಯಿ ನೆಕ್ಕುತ್ತಿದೆ, ಒಳಗಡೆ, ಹೆಬ್ಬೆರಳ ಬುಡ ಊರಿ ಕೆಂಪಗೆ ಒದ್ದೆಯಾದ ಜಾಗದಲ್ಲಿ, ಕಣ್ಣು ಮುಚ್ಚಿ, ಎಡದ್ದನ್ನು, ಎಡದ್ದನ್ನೇ