ಅಕ್ಕನ ಎಡಗೈಗೆ ಒಗ್ಗಿದ ಬ್ಲೆಂಡರ್

ಇಪ್ಪತ್ತೈದು ವರ್ಷದಿಂದ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ವೈಂಡಿಂಗ್ ಮಾಡುತ್ತಿರುವವನು ನಾನು. ಒಂದು ಹ್ಯಾಂಡ್ ಬ್ಲೆಂಡರ್ ಆರಿಸಲು ಯಾರ ಸಲಹೆಯೂ ಬೇಡವೆಂದುಕೊಂಡೇ ಅಕ್ಕನನ್ನು ಅಂಗಡಿಗೆ ಕರೆದೊಯ್ದೆ.

ಹೋದ ವರ್ಷ ಪಾರ್ಶ್ವವಾಯು ಬಡಿದು ಅವಳ ಬಲಗೈ ಬಿದ್ದುಹೋಗಿದೆ. ಅಂದಿನಿಂದ ಅಡುಗೆ ಭಾವನದು. ಒಳ್ಳೆಯ ಮನುಷ್ಯ, ಆದರೆ ಆತನ ಸೂಪಿನಲ್ಲಿ ಬರೀ ಗಂಟು. ಬಿಸಿ ಪಾತ್ರೆ ಎತ್ತಿ ಮಿಕ್ಸಿಗೆ ಸುರಿಯಲು ಅಕ್ಕನಿಂದಾಗದು. ಬ್ಲೆಂಡರನ್ನು ಪಾತ್ರೆಗೇ ಇಳಿಸಿ ಒಲೆಯ ಮೇಲೇ ಎಡಗೈಯಲ್ಲಿ ಅರೆಯುವಂತಾದರೆ ಅಡುಗೆಮನೆ ಮತ್ತೆ ತನ್ನದು ಎಂದು ಅವಳ ಹಟ.

"ಎಲ್ಲಕ್ಕಿಂತ ದೊಡ್ಡ ಮೋಟಾರಿಂದು ಕೊಡಿ," ಎಂದೆ. ಅಂಗಡಿಯವ ಸಾವಿರ ವಾಟಿನದು ಇಟ್ಟ. ಗಟ್ಟಿ ಮಾಲು. "ಇದೇ ಇರಲಿ, ಕಟ್ಟಿ."

"ತಡಿಯೋ," ಎಂದ ಅಕ್ಕ ಎಡಗೈಯಲ್ಲಿ ಎತ್ತಿದಳು. ಮಣಿಕಟ್ಟು ವಾಲಿತು. ಗುಂಡಿಯನ್ನು ಹೆಬ್ಬೆರಳಿಂದ ಒತ್ತಿಯೇ ಹಿಡಿಯಬೇಕು. ಹತ್ತು ಎಣಿಸುವುದರೊಳಗೆ ಬೆರಳು ಸೋತಿತು.

"ಅಭ್ಯಾಸ ಆಗುತ್ತೆ ಬಿಡಕ್ಕಾ."

"ನಿನ್ನ ತಲೆ! ನೀನು ಬಾವಿ ನೀರೆತ್ತೋ ಮೋಟಾರ್ ಹುಡುಕ್ತಿದ್ದೀಯ. ನಾನು ಅರೀಬೇಕಾಗಿರೋದು ಬೆಂದ ಕ್ಯಾರೆಟ್ಟು."

ಅಂಗಡಿಯವ ನಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಅವನನ್ನೂ ಬಿಡಲಿಲ್ಲ. "ನಗೋದು ಆಮೇಲೆ. ಒಂದು ಪಾತ್ರೆ ನೀರು ತನ್ನಿ. ಇರೋದನ್ನೆಲ್ಲ ಇಡಿ."

"ಡಬ್ಬಿ ಬಿಚ್ಚಿದರೆ ಮಾರೋಕಾಗಲ್ಲಮ್ಮಾ."

"ಷೋಕೇಸಲ್ಲಿ ಧೂಳು ತಿಂತಿವೆಯಲ್ಲ, ಅವನ್ನೇ ಕೊಡಿ."

ನಾಲ್ಕನ್ನು ಹಿಡಿದು ನೋಡಿ ಪಕ್ಕಕ್ಕೆ ತಳ್ಳಿದಳು. ಐದನೆಯದು ನಾನೂರು ವಾಟಿನ ಸಣಕಲು. ಗುಂಡಿ ಮಾತ್ರ ಅಗಲ, ನಾಲ್ಕು ಬೆರಳಲ್ಲಿ ಹಿಸುಕಿದರೆ ಸಾಕು. ನೀರಿನಲ್ಲಿ ಗುರ್ರೆಂದಿತು. ಅವಳ ಕೈ ಸೋಲಲಿಲ್ಲ. ಪ್ಲಗ್ ತೆಗೆಸಿ, ಹಿಡಿಯನ್ನು ಹೊಟ್ಟೆಗೂ ಮೇಜಿಗೂ ನಡುವೆ ಅವುಚಿ, ಎಡಗೈಯಿಂದ ಕೆಳಗಿನ ಕೊಳವೆ ತಿರುಗಿಸಿದಳು. ಬಿಚ್ಚಿ ಬಂತು.

"ತೊಳೆಯೋಕೂ ಇನ್ನೊಬ್ಬರು ಬೇಡ. ಇದೇ ಬೇಕು."

"ವರ್ಷದಲ್ಲಿ ಸುಟ್ಟುಹೋಗುತ್ತೆ ಅದು."

"ಸುಡಲಿ. ಮತ್ತೆ ನೀನ್ಯಾತಕ್ಕಿರೋದು?"

ಮನೆಗೆ ಬಂದವಳೇ ಕ್ಯಾರೆಟ್, ಆಲೂಗಡ್ಡೆ ಬೇಯಿಸಿದಳು. ಒಲೆ ಆರಿಸಿ, ಪಾತ್ರೆ ತಿರುಗದಂತೆ ಅದರ ಹಿಡಿಯನ್ನು ಗೋಡೆಗೆ ಒತ್ತರಿಸಿದಳು. ನಾನು ಹಿಡಿದುಕೊಳ್ಳಲು ಹೋದೆ.

"ಕೈ ತೆಗಿ."

ತೆಗೆದೆ. ಭಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಬ್ಲೆಂಡರನ್ನು ಪಾತ್ರೆಗಿಳಿಸಿ ಗುಂಡಿ ಹಿಸುಕಿದಳು. ಒಂದು ಹನಿ ಆಚೆ ಸಿಡಿಯಲಿಲ್ಲ. ಸೌಟಿನಿಂದ ಮೂರು ಬಟ್ಟಲಿಗೂ ಅವಳೇ ಬಡಿಸಿದಳು. ಹುಡುಕಿದರೂ ಒಂದು ಗಂಟಿಲ್ಲ.

"ನಾಳೆಯಿಂದ ನಾನೇನು ಮಾಡ್ಲಿ?" ಎಂದ ಭಾವ.

"ಸಿಪ್ಪೆ ತೆಗೆದು ಕೊಡಿ," ಎಂದಳು ಅಕ್ಕ. "ಒಲೆ ಹತ್ತಿರ ಮಾತ್ರ ಬರಬೇಡಿ."