ಪಕ್ಕದ ಸೀಟಿನ ಬ್ರೇಕ್

"ಇನ್ನೊಂದ್ಸಲ ಇದಕ್ಕೆ ಕತ್ತರಿ ತಾಗಿಸಬೇಡಿ. ಕೊಯ್ದಷ್ಟೂ ಹರಡೋ ಹುಣ್ಣು ಇದು," ಎನ್ನುತ್ತ ಚರ್ಮದ ಡಾಕ್ಟರು ಅವಳ ಬಲಗಾಲಿನ ಮೇಲೆ ಮೆಲ್ಲಗೆ ಬ್ಯಾಂಡೇಜು ಸುತ್ತಿದರು.

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಡ್ರೈವಿಂಗ್ ಮೇಡಂ ಅವಳು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕ್ ಒತ್ತಿ ಎಷ್ಟೋ ಜೀವ ಉಳಿಸಿದ್ದಳು. ಕಾರಿನ ಬಾಗಿಲು ತಾಗಿ ಕಾಲಿಗಾದ ಗೀರು ಗುಳ್ಳೆಯಾಗಿ, ಗುಳ್ಳೆ ಬಾಯಿಬಿಟ್ಟಿತ್ತು. ಬೇರೆ ಕಡೆ ಕೊಯ್ದು ಶುಚಿ ಮಾಡಿಸಿದ ಮೇಲೆ ಅಂಗೈಯಗಲವಾಗಿ, ಅಂಚೆಲ್ಲ ನೇರಳೆಗಟ್ಟಿ ಕೂತಿತ್ತು.

"ಇದು ಕ್ರಿಮಿಯಿಂದ ಆಗಿದ್ದಲ್ಲ. ಮೈ ಕಾಯಬೇಕಾದ ಶಕ್ತೀನೇ ನಿಮ್ಮ ಚರ್ಮದ ಮೇಲೆ ತಿರುಗಿಬಿದ್ದಿದೆ. ಅದನ್ನ ತಗ್ಗಿಸೋಕೆ ಮಾತ್ರೆ ಕೊಡ್ತೀನಿ."

"ತಗ್ಗಿಸಿದ್ರೆ ಬೇರೆ ಕಾಯಿಲೆ ನುಗ್ಗಲ್ವಾ ಡಾಕ್ಟ್ರೇ?" ಗಡಿಯಾರ ರಿಪೇರಿ ಮಾಡುವ ಅವಳ ಗಂಡ ಕೇಳಿದ.

"ನುಗ್ಗಬಹುದು. ಜ್ವರ ಬಂದ್ರೆ ತಕ್ಷಣ ಬನ್ನಿ. ಆದ್ರೆ ನೀವಾಗೇ ಮಾತ್ರೆ ನಿಲ್ಲಿಸೋ ಹಾಗಿಲ್ಲ."

ಹೊರಗೆ ಬಂದವನೇ ಗಂಡ, "ಆಪರೇಷನ್ನೇ ವಾಸಿ ಕಣೇ. ಈ ಮಾತ್ರೆ ಒಳಗೊಳಗೇ ಏನು ಮಾಡುತ್ತೋ," ಎಂದ.

"ಕಾಲು ನಂದು ರೀ," ಎಂದು ಅವಳು ಮೊದಲ ಮಾತ್ರೆ ನುಂಗಿದಳು.

ಅಂದಿನಿಂದ ಮಾತ್ರೆ ಅವಳನ್ನು ಕೂತಲ್ಲಿ ಕೂರಗೊಡಲಿಲ್ಲ. ನಿದ್ದೆ ಹಾರಿಹೋಯಿತು, ಹೊಟ್ಟೆ ಸದಾ ಉರಿಯುವ ಒಲೆಯಾಯಿತು. ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಬೀದಿಯಲ್ಲಿ ಯಾರೋ ಕೆಮ್ಮಿದರೆ ಕಿಟಕಿ ಮುಚ್ಚುವಳು, ಉಸಿರುಕಟ್ಟಿ ಮತ್ತೆ ತೆರೆಯುವಳು. ಕನ್ನಡಿಯಲ್ಲಿ ಮಾತ್ರೆಯಿಂದ ಊದಿ ಗುಂಡಗಾದ ಮುಖ ಕಂಡು, "ಇದು ಯಾರದು ರೀ? ನನ್ನದನ್ನ ಎಲ್ಲಿಟ್ರಿ?" ಎಂದು ರೇಗಿದಳು. ಅವನು ನಕ್ಕ. ಅವಳು ಅತ್ತುಬಿಟ್ಟಳು.

ಒಂದು ಮಧ್ಯಾಹ್ನ ಮೈ ಕೆಂಡವಾಯಿತು. ಗಂಡ ಮಾತ್ರೆಯ ಪಟ್ಟಿಯನ್ನು ಕಿತ್ತುಕೊಂಡು ಜೇಬಿಗಿಳಿಸಿದ. "ಸಾಕು, ಇವತ್ತಿಗೆ ಇದು ಬಂದ್."

"ಡಾಕ್ಟ್ರು ಹೇಳಿದ್ದು ಕೇಳಿಸಿಲ್ವಾ? ಕೊಡಿ ಇಲ್ಲಿ. ಕಾರು ತೆಗೀರಿ."

"ನಾನಾ?"

ಲೈಸೆನ್ಸ್ ಇದ್ದರೂ ಅವಳ ಬೈಗುಳಕ್ಕೆ ಹೆದರಿ ಅವನು ಸ್ಟಿಯರಿಂಗ್ ಮುಟ್ಟಿ ವರ್ಷಗಳಾಗಿದ್ದವು. ಬಾಡಿಗೆ ಕಾರಿಗಾಗಿ ಫೋನು ಒತ್ತಿ ಒತ್ತಿ ಸಾಕಾಗಿ, ಕೊನೆಗೆ ಅವಳು ಕಲಿಸುವ ಕಾರಿನ ಕೀಲಿ ಹಿಡಿದು ಹೊರಟ. ಅವಳು ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲೇ ಕೂತಳು.

ನಾಲ್ಕು ರಸ್ತೆ ಕೂಡುವಲ್ಲಿ ಅಡ್ಡರಸ್ತೆಯಿಂದ ಲಾರಿಯೊಂದು ನುಗ್ಗಿತು. ಅವಳ ಬಲಗಾಲು ತಾನಾಗಿ ತನ್ನ ಕಡೆಯ ಬ್ರೇಕಿಗೆ ಹಾರಿತು. ನೋವು ನೆತ್ತಿಗೇರಿ, ಪಾದ ಅರ್ಧದಲ್ಲೇ ನಿಂತಿತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಾರು ನಿಂತಿತ್ತು. ನಿಲ್ಲಿಸಿದ್ದು ಅವನು. ಬೈಗುಳಕ್ಕೆ ಕಾಯುವವನಂತೆ ಅವಳತ್ತ ತಿರುಗಿದ.

"ಹೋಗಿ," ಎಂದಳು, ಮೆಲ್ಲಗೆ.

ಅವಳ ಎದೆಗೆ ಸೋಂಕು ತಗುಲಿತ್ತು. ಆಸ್ಪತ್ರೆಯಲ್ಲಿ ಉಳಿಸಿಕೊಂಡು, ಆ ಮಾತ್ರೆಯ ಪ್ರಮಾಣ ಇಳಿಸಿ, ಜ್ವರಕ್ಕೆ ಔಷಧಿ ಕೊಟ್ಟರು. ಮನೆಗೆ ಕಳಿಸುವ ದಿನ ಡಾಕ್ಟರು ಬ್ಯಾಂಡೇಜು ಬಿಚ್ಚಿದರು. ನೇರಳೆ ಅಂಚು ತಗ್ಗಿ, ಸುತ್ತ ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಚರ್ಮ ಹಬ್ಬಿತ್ತು. "ಇನ್ನೂ ತಿಂಗಳುಗಟ್ಟಲೆ ಮಾತ್ರೆ ಬೇಕು," ಎಂದರು ಅವರು. ಗಂಡ ಬಗ್ಗಿ ಬಗ್ಗಿ ನೋಡಿ, ಮಾತ್ರೆಯ ಚೀಟಿಗೆ ಕೈ ಚಾಚಿದ.

ಹೊರಗೆ ಕಾರು ಎರಡು ಗೆರೆಗಳ ಮೇಲೆ ಸೊಟ್ಟಗೆ ನಿಂತಿತ್ತು. ಅವನು ಮುಂದಿನ ಬಾಗಿಲು ತೆರೆದು ಹಿಡಿದ. ಅವಳು ಹಿಂದಿನದನ್ನು ತೆರೆದು, ಸೀಟಿನುದ್ದಕ್ಕೂ ಕಾಲು ಚಾಚಿ ಒರಗಿ ಕಣ್ಣು ಮುಚ್ಚಿದಳು.

ಕಾರು ಒಮ್ಮೆ ಜಗ್ಗಿ ನಿಂತುಹೋಯಿತು. ಅವನು ಮತ್ತೆ ಕೀಲಿ ತಿರುಗಿಸಿದ. ಅವಳು ಕಣ್ಣು ಮುಚ್ಚಿಯೇ ಇದ್ದಳು.